ಡಬ್ಬಿಯೊಳಗೊಂದು ಓಟ್ಸ್ ವಡಿ

ನಿಪ್ಪಾಣಿಯ ತಾಯಿಯೊಬ್ಬರು ಈ ಅಂಕಣಕ್ಕೆ ಪತ್ರ ಬರೆದಿದ್ದಾರೆ. ಅವರದು ಬೀಡಿ ಕಟ್ಟುವ ಕೆಲಸ. ಆರನೆಯ ತರಗತಿಯಲ್ಲಿ ಓದುವ ಮಗಳಿದ್ದಾಳೆ. ಖಾಸಗಿ ಶಾಲೆಯಾದ್ದರಿಂದ ಬಿಸಿಯೂಟವಿಲ್ಲ, ಡಬ್ಬಿ ಕಟ್ಟಿಕೊಡಲೇಬೇಕು. ಬೆಳಗಿನ ಗಡಿಬಿಡಿಯಲ್ಲಿ ಹುಡುಗಿ ಒಂದು ಲೋಟ ಚಹಾಕ್ಕೆ ನಾಲ್ಕು ಬಿಸ್ಕತ್ತು ಅದ್ದಿ ತಿಂದು ಓಡುತ್ತಾಳೆ. ಡಬ್ಬಿಗೆ ಹಾಕಿದ ರೊಟ್ಟಿ ಅರ್ಧ ಮರಳಿ ಬರುತ್ತದೆ. ಈಗ ಗೆಳತಿಯೊಬ್ಬಳು ತರುವ 'ಓಟ್ಸ್ ಬಾರ್' ತನಗೂ ಬೇಕೆಂದು ಹಟ ಹಿಡಿದಿದ್ದಾಳೆ. ತಾಯಿ ಅಂಗಡಿಗೆ ಹೋಗಿ ಬೆಲೆ ಕೇಳಿ ಸುಮ್ಮನೆ ಹಿಂದಿರುಗಿದ್ದಾರೆ. ಅವರು ಕೇಳಿರುವುದು ಮೂರು ಪ್ರಶ್ನೆ. ಇದನ್ನು ಮನೆಯಲ್ಲಿಯೇ ಮಾಡಬಹುದೆ? ಓವನ್ ಇಲ್ಲದಿದ್ದರೆ ಆಗುತ್ತದೆಯೆ? ತಿಂದರೆ ಮಗಳಿಗೆ ಶಕ್ತಿ ಬರುತ್ತದೆಯೆ?

ಪತ್ರದ ಕೊನೆಯಲ್ಲಿ, ಪ್ರಶ್ನೆಯೆಂದಲ್ಲ, ಸುಮ್ಮನೆ ಎಂಬಂತೆ ಇನ್ನೊಂದು ಸಾಲಿದೆ. ಈಚೆಗೆ ಶಾಲೆಯ ಪ್ರಾರ್ಥನೆಯ ವೇಳೆಯಲ್ಲಿ ಮಗಳಿಗೆ ಎರಡು ಬಾರಿ ಕಣ್ಣಿಗೆ ಕತ್ತಲೆ ಬಂದಿತ್ತಂತೆ.

ಮೊದಲ ಎರಡು ಪ್ರಶ್ನೆಗಳಿಗೆ ಉತ್ತರ 'ಹೌದು'. ಮೂರನೆಯದಕ್ಕೆ 'ಸ್ವಲ್ಪಮಟ್ಟಿಗೆ'. ಆ ಕೊನೆಯ ಸಾಲಿಗೆ ಮಾತ್ರ ಯಾವ ತಿನಿಸೂ ಉತ್ತರವಲ್ಲ. ಅದಕ್ಕೆ ಬೇಕಾದದ್ದು ರಕ್ತ ಪರೀಕ್ಷೆ. ಆ ವಿಷಯಕ್ಕೆ ಕೊನೆಯಲ್ಲಿ ಬರೋಣ. ಆದರೆ ಇಂಥ ಲಕ್ಷಣವಿರುವ ಮಗು ನಿಮ್ಮ ಮನೆಯಲ್ಲೂ ಇದ್ದರೆ, ಈ ಲೇಖನ ಓದಿ ಮುಗಿಸುವ ಮೊದಲೇ ಮಗುವನ್ನು ವೈದ್ಯರಿಗೆ ತೋರಿಸುವ ದಿನವನ್ನು ಗೊತ್ತುಮಾಡಿಕೊಳ್ಳಿ.

ಹೆಸರು ಹೊಸದು, ತಿನಿಸು ಹಳೆಯದು

ಧಾನ್ಯ, ಒಣಹಣ್ಣು, ಕಾಳು, ಸಿಹಿ ಇವನ್ನು ಬೆರೆಸಿ, ಒತ್ತಿ, ಕತ್ತರಿಸಿದ ತುಂಡನ್ನೇ ಈಗ 'ಬಾರ್' ಎಂದು ಬಣ್ಣದ ಕಾಗದದಲ್ಲಿ ಸುತ್ತಿ ಮಾರುತ್ತಿದ್ದಾರೆ. ನಮ್ಮ ಭಾಗದವರಿಗೆ ಇದೇನು ಹೊಸತಲ್ಲ. ಗೋಕಾಕದ ಕರದಂಟು ಯಾರಿಗೆ ಗೊತ್ತಿಲ್ಲ? ಅಂಟನ್ನು ತುಪ್ಪದಲ್ಲಿ ಕರಿದು, ಒಣಹಣ್ಣು ಮತ್ತು ಬೆಲ್ಲದೊಂದಿಗೆ ಸೇರಿಸಿ ಮಾಡುವ ಈ ತಿನಿಸನ್ನು ಬಾಣಂತಿಯರಿಗೆ ಕೊಡುವ ರೂಢಿ ಇದೆ. ನಾಗರ ಪಂಚಮಿ ಬಂತೆಂದರೆ ಶೇಂಗಾ ಉಂಡೆ, ಎಳ್ಳಿನ ಉಂಡೆ, ಜೋಳದ ಅರಳಿನ ಅಳ್ಳಿಟ್ಟು ಮನೆಮನೆಯಲ್ಲೂ ಆಗುತ್ತವೆ. ಉಂಡೆ ಕಟ್ಟುವ ಬದಲು ತಟ್ಟೆಗೆ ಒತ್ತಿ ಕತ್ತರಿಸಿದರೆ ಅದೇ ವಡಿ. ಆದ್ದರಿಂದ ಇನ್ನು ಮುಂದೆ ನಾವು ಇದನ್ನು 'ವಡಿ' ಎಂದೇ ಕರೆಯೋಣ.

ಹೊಸದಾಗಿ ಬಂದಿರುವುದು ಓಟ್ಸ್ ಮಾತ್ರ. ಇದು ತಂಪು ಹವೆಯ ನಾಡುಗಳ ಧಾನ್ಯ. ಬಹುಕಾಲ ಕುದುರೆಗಳ ಮೇವು ಎಂದೇ ಹೆಸರಾಗಿತ್ತು. ಸ್ಕಾಟ್‌ಲೆಂಡಿನಲ್ಲಿ ಮಾತ್ರ ಬಡವರ ನಿತ್ಯದ ಗಂಜಿಯೂ ಆಗಿತ್ತು. ಇದರಲ್ಲಿ ಬೀಟಾ ಗ್ಲೂಕನ್ ಎಂಬ ನಾರು ಇದೆ. ನೀರಿನಲ್ಲಿ ಲೋಳೆಯಾಗುವ ಈ ನಾರು ಕರುಳಿನಲ್ಲಿ ಪಿತ್ತರಸದ ಅಂಶವನ್ನು ಹಿಡಿದುಕೊಂಡು ಹೊರಗೆ ಸಾಗಿಸುತ್ತದೆ. ಆಗ ದೇಹ ಹೊಸ ಪಿತ್ತರಸ ತಯಾರಿಸಲು ರಕ್ತದ ಕೊಲೆಸ್ಟರಾಲನ್ನು ಬಳಸಿಕೊಳ್ಳುತ್ತದೆ. ದಿನಕ್ಕೆ 3 ಗ್ರಾಂ ಬೀಟಾ ಗ್ಲೂಕನ್ ಸೇವನೆ ಹೃದಯಕ್ಕೆ ಹಿತವೆಂದು ಪೊಟ್ಟಣಗಳ ಮೇಲೆ ಬರೆದುಕೊಳ್ಳಲು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1997ರಲ್ಲಿ ಒಪ್ಪಿಗೆ ಕೊಟ್ಟಿತು. ಓಟ್ಸಿನ ಖ್ಯಾತಿ ಹೆಚ್ಚಿದ್ದು ಆಮೇಲೆಯೇ.

ಆದರೆ ಒಂದನ್ನು ಗಮನಿಸಿ. ಕೊಲೆಸ್ಟರಾಲಿನ ಚಿಂತೆ ಸಾಮಾನ್ಯವಾಗಿ ಅಪ್ಪ-ಅಮ್ಮನದು, ಹನ್ನೊಂದು ವರ್ಷದ ಹುಡುಗಿಯದಲ್ಲ. ಮಗುವಿಗೆ ಓಟ್ಸಿನಿಂದ ಆಗುವ ಲಾಭ ಸರಳವಾದದ್ದು. ಅದು ಇಡೀ ಧಾನ್ಯ. 100 ಗ್ರಾಂನಲ್ಲಿ ಸುಮಾರು 13 ಗ್ರಾಂ ಪ್ರೋಟೀನು, 10 ಗ್ರಾಂ ನಾರು ಇರುತ್ತವೆ. ಮೈದಾದ ಬಿಸ್ಕತ್ತಿಗಿಂತ ನಿಧಾನವಾಗಿ ಜೀರ್ಣವಾಗಿ ಹೊಟ್ಟೆಯನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ. ನಮ್ಮ ಜೋಳದಲ್ಲೂ 100 ಗ್ರಾಂಗೆ ಸುಮಾರು 10 ಗ್ರಾಂ ಪ್ರೋಟೀನು, ಅಷ್ಟೇ ನಾರು ಇದೆ. ಆದುದರಿಂದ ಓಟ್ಸ್ ಸಿಕ್ಕರೆ ಸಂತೋಷ, ಸಿಗದಿದ್ದರೆ ಮಗುವಿಗೆ ನಷ್ಟವಾಯಿತೆಂದು ಕೊರಗಬೇಕಾಗಿಲ್ಲ. ಎರಡು ವಿಧದ ವಡಿಯನ್ನೂ ಇಲ್ಲಿ ಹೇಳಿಕೊಡುತ್ತೇವೆ.

ಬೆಲ್ಲ ಎಷ್ಟು?

ವಡಿಯ ಗುಣ ನಿಂತಿರುವುದು ಧಾನ್ಯದ ಹೆಸರಿನ ಮೇಲಲ್ಲ, ಬೆಲ್ಲದ ಅಳತೆಯ ಮೇಲೆ.

ನಮ್ಮ ರಾಜ್ಯದಲ್ಲಿಯೇ ಇದಕ್ಕೊಂದು ನಿದರ್ಶನವಿದೆ. 2022-23ನೇ ಸಾಲಿನಲ್ಲಿ ಶಾಲಾ ಮಕ್ಕಳಿಗೆ ಬಿಸಿಯೂಟದ ಜೊತೆ ಮೊಟ್ಟೆ ಕೊಡುವ ಯೋಜನೆ ಎಲ್ಲ ಜಿಲ್ಲೆಗಳಿಗೂ ವಿಸ್ತರಿಸಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ ಎಂದಾಯಿತು. 2025ರ ಆರಂಭದಲ್ಲಿ ಇಲಾಖೆ ಚಿಕ್ಕಿಯನ್ನು ಕೈಬಿಟ್ಟು, ಮೊಟ್ಟೆ ಇಲ್ಲವೆ ಬಾಳೆಹಣ್ಣು ಮಾತ್ರ ಕೊಡುವಂತೆ ಸೂಚಿಸಿತು. ಚಿಕ್ಕಿಯಲ್ಲಿನ ಸಕ್ಕರೆ ಮತ್ತು ಕೊಬ್ಬಿನ ಅಂಶ, ದಾಸ್ತಾನಿನ ಗುಣಮಟ್ಟ ಇವುಗಳ ಬಗ್ಗೆ ಬಂದ ವರದಿಗಳು ಇದಕ್ಕೆ ಕಾರಣವಾಗಿದ್ದವು. ಶೇಂಗಾ ಕೆಟ್ಟದ್ದು ಎಂದು ಇದರ ಅರ್ಥವಲ್ಲ. ಒಳ್ಳೆಯ ಕಾಳಿಗೂ ಅಳತೆ ಮೀರಿದ ಸಿಹಿ ಸೇರಿದರೆ, ಸರಿಯಾಗಿ ಕಾಪಾಡದಿದ್ದರೆ, ಅದರ ಗುಣ ಉಳಿಯುವುದಿಲ್ಲ ಎಂಬುದೇ ಇಲ್ಲಿನ ಪಾಠ.

'ನಾವು ಸಕ್ಕರೆ ಹಾಕುವುದಿಲ್ಲ, ಬೆಲ್ಲ ಹಾಕುತ್ತೇವೆ' ಎಂದು ನೀವು ಹೇಳಬಹುದು. ಬೆಲ್ಲದಲ್ಲಿ ಒಂದಿಷ್ಟು ಖನಿಜಗಳಿರುವುದು ನಿಜ. ಆದರೆ ಅದರ ಬಹುಪಾಲು ಸಕ್ಕರೆಯೇ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯಂತೆ, ಹೊರಗಿನಿಂದ ಸೇರಿಸುವ ಸಕ್ಕರೆ, ಬೆಲ್ಲ, ಜೇನು ಎಲ್ಲ ಕೂಡಿ ದಿನದ ಒಟ್ಟು ಶಕ್ತಿಯ ಹತ್ತನೆಯ ಒಂದು ಭಾಗವನ್ನು ಮೀರಬಾರದು; ಅದರ ಅರ್ಧಕ್ಕೆ ಇಳಿದರೆ ಇನ್ನೂ ಒಳ್ಳೆಯದು. ದಿನಕ್ಕೆ 2,000 ಕ್ಯಾಲೊರಿ ಬೇಕಾಗುವ ಹುಡುಗಿಗೆ ಇದು 50 ಗ್ರಾಂ ಮಿತಿ, 25 ಗ್ರಾಂ ಗುರಿ. ಎರಡು ಲೋಟ ಚಹಾಕ್ಕೆ ಎರಡೆರಡು ಚಮಚ ಸಕ್ಕರೆ ಹಾಕಿದರೆ ಅಲ್ಲಿಗೇ 20 ಗ್ರಾಂ ಆಯಿತು. ಬಿಸ್ಕತ್ತಿನದು ಬೇರೆ. ಶೇಂಗಾಕ್ಕೆ ಸರಿಸಮ ಬೆಲ್ಲ ಹಾಕಿ ಮಾಡಿದ 40 ಗ್ರಾಂ ತೂಕದ ಒಂದು ಚಿಕ್ಕಿಯಲ್ಲಿ ಬೆಲ್ಲವೇ 20 ಗ್ರಾಂ ಇರುತ್ತದೆ.

ಆದ್ದರಿಂದ ಒಂದು ಸೂತ್ರವನ್ನು ನೆನಪಿಡಿ. ಧಾನ್ಯ ನಾಲ್ಕು ಪಾಲು, ಒಣಹಣ್ಣು ನಾಲ್ಕು ಪಾಲು, ಕಾಳು ಮತ್ತು ಎಳ್ಳು ಸೇರಿ ಎರಡು ಪಾಲು, ಬೆಲ್ಲ ಒಂದೇ ಪಾಲು. ಬೆಲ್ಲ ವಡಿಯನ್ನು ಹಿಡಿದಿಡಲು ಬೇಕೇ ಹೊರತು ಸಿಹಿ ಮಾಡಲು ಅಲ್ಲ. ಸಿಹಿಗೆ ಹಣ್ಣಿದೆ.

ಅಂಗಡಿಯ ಬಾರ್ ಕೊಳ್ಳುವುದೇ ಆದರೆ ಪೊಟ್ಟಣದ ಹಿಂಭಾಗವನ್ನು ಓದಿ. ಯಾವ ಪದಾರ್ಥ ಹೆಚ್ಚು ತೂಕದ್ದೋ ಅದನ್ನೇ ಮೊದಲು ನಮೂದಿಸಬೇಕೆಂಬುದು ನಿಯಮ. ಮುಂಭಾಗದಲ್ಲಿ ಓಟ್ಸಿನ ತೆನೆಯ ಚಿತ್ರವಿದ್ದರೂ ಹಿಂಭಾಗದ ಪಟ್ಟಿಯಲ್ಲಿ ಗ್ಲೂಕೋಸ್ ಸಿರಪ್, ಇನ್ವರ್ಟ್ ಸಿರಪ್, ಸಕ್ಕರೆ ಎಂಬ ಹೆಸರುಗಳು ಮೊದಲಲ್ಲೇ ಬಂದರೆ ಅದು ಮಿಠಾಯಿ ಎಂದು ತಿಳಿಯಿರಿ.

ಬೇಕಾಗುವ ಸಾಮಾನು

ಹದಿನಾರು ವಡಿಗಳಿಗೆ ಇಷ್ಟು ಸಾಕು: ಓಟ್ಸ್ 200 ಗ್ರಾಂ, ಹುರಿದು ಸಿಪ್ಪೆ ತೆಗೆದ ಶೇಂಗಾ 75 ಗ್ರಾಂ, ಎಳ್ಳು 25 ಗ್ರಾಂ, ಬೀಜ ತೆಗೆದ ಖರ್ಜೂರ 150 ಗ್ರಾಂ, ಒಣದ್ರಾಕ್ಷಿ 50 ಗ್ರಾಂ, ಚೆನ್ನಾಗಿ ಹಣ್ಣಾದ ಒಂದು ಬಾಳೆಹಣ್ಣು, ಪುಡಿ ಮಾಡಿದ ಬೆಲ್ಲ 50 ಗ್ರಾಂ, ತುಪ್ಪ ಅಥವಾ ಎಣ್ಣೆ ಎರಡು ದೊಡ್ಡ ಚಮಚ, ಎರಡು ಏಲಕ್ಕಿ, ಒಂದು ಚಿಟಿಕೆ ಉಪ್ಪು.

ಕೊಳ್ಳುವಾಗ ಕೆಲವು ಎಚ್ಚರಿಕೆ. ಓಟ್ಸ್ ಪೊಟ್ಟಣದಲ್ಲಿ ಓಟ್ಸ್ ಬಿಟ್ಟು ಬೇರೇನೂ ಇರಬಾರದು. ಮಸಾಲೆ ಸೇರಿಸಿದ, ಸಿಹಿ ಸೇರಿಸಿದ ಬಗೆಗಳು ಇದಕ್ಕೆ ಬೇಡ. ಶೇಂಗಾವನ್ನು ಕಾಳು ಕಾಳಾಗಿ ಆರಿಸಿ. ಕಪ್ಪಾದ, ಮುದುಡಿದ, ಬೂಸ್ಟು ಹಿಡಿದ ಕಾಳುಗಳಲ್ಲಿ ಆಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಅದು ಯಕೃತ್ತಿಗೆ ಕೇಡು ಮಾಡುತ್ತದೆ, ಹುರಿದರೂ ಪೂರ್ತಿ ಹೋಗುವುದಿಲ್ಲ. 'ನಾಲ್ಕು ಕಾಳು ತಾನೆ' ಎಂದು ಉಳಿಸಬೇಡಿ, ಎಸೆಯಿರಿ.

ಒಣದ್ರಾಕ್ಷಿ ನಮ್ಮ ನೆರೆಯ ಬೆಳೆ. ಅಥಣಿ ತಾಲ್ಲೂಕಿನ ತೆಲಸಂಗದ ಕಡೆ, ವಿಜಯಪುರ ಜಿಲ್ಲೆಯ ತಿಕೋಟಾದ ಕಡೆ, ಗಡಿಯಾಚೆ ಸಾಂಗ್ಲಿ ಜಿಲ್ಲೆಯಲ್ಲಿ ದ್ರಾಕ್ಷಿ ಒಣಗಿಸುವ ಉದ್ಯಮ ದೊಡ್ಡದು. ಬಣ್ಣ ಉಳಿಸಲು ಕೆಲವೊಮ್ಮೆ ಗಂಧಕದ ಹೊಗೆ ಕೊಡುತ್ತಾರೆ. ಆಸ್ತಮಾ ಇರುವ ಕೆಲವು ಮಕ್ಕಳಿಗೆ ಇದು ಆಗಿಬರುವುದಿಲ್ಲ. ಹೊಳೆಯುವ ಹಳದಿ-ಹಸಿರು ದ್ರಾಕ್ಷಿಗಿಂತ ಕಂದು ಬಣ್ಣದ್ದನ್ನು ಆರಿಸಿ. ಯಾವುದಾದರೂ ಸರಿ, ಉಗುರುಬೆಚ್ಚನೆಯ ನೀರಿನಲ್ಲಿ ಎರಡು ಸಲ ತೊಳೆಯಿರಿ. ಬೆಲ್ಲದ ಮಾತೂ ಹೀಗೆಯೇ. ಹೊನ್ನಿನಂತೆ ಹೊಳೆಯುವ ಬೆಲ್ಲಕ್ಕೆ ಬಣ್ಣ ತಿಳಿಯಾಗಿಸುವ ರಾಸಾಯನಿಕ ಹಾಕಿರುವ ಸಂಭವ ಹೆಚ್ಚು. ಕಪ್ಪು-ಕಂದು ಬೆಲ್ಲ ನೋಡಲು ಚಂದವಿಲ್ಲದಿದ್ದರೂ ನಮಗೆ ಅದೇ ಲೇಸು.

ಮಾಡುವ ಕ್ರಮ

ಖರ್ಜೂರವನ್ನು ಅರ್ಧ ಬಟ್ಟಲಿಗಿಂತ ಕಡಿಮೆ ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ನೆನೆಯಿಟ್ಟು, ಆ ನೀರಿನ ಸಮೇತ ಕೈಯಿಂದ ಹಿಸುಕಿ. ಬೆಲ್ಲದ ಪುಡಿ, ಬಾಳೆಹಣ್ಣು, ತುಪ್ಪ ಸೇರಿಸಿ ಮುದ್ದೆಯಂತೆ ಮಾಡಿಕೊಳ್ಳಿ. ಓಟ್ಸನ್ನು ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಐದಾರು ನಿಮಿಷ ಹುರಿಯಿರಿ. ಘಮ್ಮೆನ್ನುವ ವಾಸನೆ ಬಂದರೆ ಸಾಕು, ಕೆಂಪಾಗುವುದು ಬೇಡ. ಎಳ್ಳನ್ನೂ ಚಟಪಟ ಎನ್ನುವವರೆಗೆ ಹುರಿಯಿರಿ. ಶೇಂಗಾವನ್ನು ತರಿತರಿಯಾಗಿ ಕುಟ್ಟಿ. ಎಲ್ಲವನ್ನೂ ದ್ರಾಕ್ಷಿ, ಏಲಕ್ಕಿ, ಉಪ್ಪಿನೊಂದಿಗೆ ಆ ಮುದ್ದೆಗೆ ಬೆರೆಸಿ ಹತ್ತು ನಿಮಿಷ ಬಿಡಿ. ಓಟ್ಸ್ ತೇವ ಹೀರಿಕೊಂಡು ಮಿಶ್ರಣ ಗಟ್ಟಿಯಾಗುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ ನಿಲ್ಲಬೇಕು. ಉದುರಿದರೆ ಒಂದು ಚಮಚ ನೀರು ಚಿಮುಕಿಸಿ.

ತುಪ್ಪ ಸವರಿದ ತಟ್ಟೆಗೆ ಹಾಕಿ ಬೆರಳಿನ ದಪ್ಪಕ್ಕೆ ಬಿಗಿಯಾಗಿ ಒತ್ತಿ. ವಡಿ ಪುಡಿಪುಡಿಯಾಗುವುದು ಸಾಮಾನ್ಯವಾಗಿ ಸರಿಯಾಗಿ ಒತ್ತದೆ ಇರುವುದರಿಂದ. ಬಟ್ಟಲಿನ ತಳದಿಂದ ಗಟ್ಟಿಯಾಗಿ ತಟ್ಟಿರಿ. ಓವನ್ ಇದ್ದವರು 170 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 25ರಿಂದ 30 ನಿಮಿಷ ಬೇಯಿಸಿದರೆ ಸಾಕು.

ಓವನ್ ಇಲ್ಲದವರು ದಪ್ಪ ತಳದ ಹಳೆಯ ಅಗಲ ಪಾತ್ರೆಯೊಂದನ್ನು ತೆಗೆದುಕೊಳ್ಳಿ. ತಳದಲ್ಲಿ ಒಂದು ಬೆರಳು ಎತ್ತರ ಕಲ್ಲುಪ್ಪು ಅಥವಾ ತೊಳೆದು ಒಣಗಿಸಿದ ಮರಳು ಹರಡಿ. ಮೇಲೆ ಒಂದು ಸಣ್ಣ ಸ್ಟ್ಯಾಂಡು ಇಟ್ಟು, ಮುಚ್ಚಿ, ಹತ್ತು ನಿಮಿಷ ಕಾಯಿಸಿ. ಅನಂತರ ತಟ್ಟೆಯನ್ನು ಸ್ಟ್ಯಾಂಡಿನ ಮೇಲಿಟ್ಟು ಮುಚ್ಚಿ, ಸಣ್ಣ ಉರಿಯಲ್ಲಿ 35ರಿಂದ 40 ನಿಮಿಷ ಬೇಯಿಸಿ. ಪ್ರೆಶರ್ ಕುಕ್ಕರನ್ನು ಹೀಗೆ ನೀರಿಲ್ಲದೆ ಕಾಯಿಸುವುದು ಕುಕ್ಕರಿಗೆ ಒಳ್ಳೆಯದಲ್ಲ. ಅಂಚು ಕೆಂಪಗಾಗಿ ತಟ್ಟೆಯನ್ನು ಬಿಡುತ್ತಿದ್ದರೆ ವಡಿ ಆಯಿತೆಂದು ತಿಳಿಯಿರಿ. ಬಿಸಿಯಿರುವಾಗ ಮೆತ್ತಗೇ ಇರುತ್ತದೆ, ಗಾಬರಿ ಬೇಡ. ಪೂರ್ತಿ ಆರಿದ ಮೇಲೆ ಗಟ್ಟಿಯಾಗುತ್ತದೆ. ಆಗ ಚೌಕವಾಗಿ ಕತ್ತರಿಸಿ. ದುಂಡು ತಟ್ಟೆಯಾದರೆ ಶಂಕರಪೋಳಿಯಂತೆ ಓರೆಯಾಗಿ ಕತ್ತರಿಸಬಹುದು.

ಹೀಗೆ ಮಾಡಿದ ಒಂದು ವಡಿ ಸುಮಾರು 40 ಗ್ರಾಂ ತೂಗುತ್ತದೆ. ಅದರಲ್ಲಿ ಸುಮಾರು 150 ಕ್ಯಾಲೊರಿ, 3 ಗ್ರಾಂಗಿಂತ ತುಸು ಹೆಚ್ಚು ಪ್ರೋಟೀನು, 3 ಗ್ರಾಂ ನಾರು ಸಿಗುತ್ತವೆ. ಬೆಲ್ಲ ಕೇವಲ 3 ಗ್ರಾಂ. ಖರ್ಜೂರ, ದ್ರಾಕ್ಷಿ, ಬಾಳೆಹಣ್ಣಿನಲ್ಲಿ ಮೊದಲೇ ಇರುವ ಸಕ್ಕರೆಯನ್ನೂ ಲೆಕ್ಕ ಹಿಡಿದರೆ ಒಟ್ಟು 11-12 ಗ್ರಾಂ ಆಗುತ್ತದೆ. ಹಾಗಾಗಿ ದಿನಕ್ಕೊಂದೇ ವಡಿ. ಮನೆಯಲ್ಲಿ ಮಾಡಿದ್ದೆಂದು ಮೂರು ಕೊಟ್ಟರೆ ಉಳಿಸಿದ್ದೇನು?

ಬೇಯಿಸದೆ ಮಾಡುವ ಜೋಳದ ವಡಿ

ಪಂಚಮಿಗೆ ಅಳ್ಳಿಟ್ಟು ಮಾಡುವವರಿಗೆ ಇದು ಬಲು ಸುಲಭ. ಜೋಳದ ಅರಳನ್ನು ತರಿಯಾಗಿ ಬೀಸಿದ ಹಿಟ್ಟು 150 ಗ್ರಾಂ ತೆಗೆದುಕೊಳ್ಳಿ. ಅರಳು ಸಿಗದಿದ್ದರೆ ಗಟ್ಟಿ ಅವಲಕ್ಕಿಯನ್ನು ಗರಿಗರಿಯಾಗಿ ಹುರಿದು ಪುಡಿ ಮಾಡಿದರೂ ಆದೀತು. ಇದಕ್ಕೆ ಹುರಿದು ಕುಟ್ಟಿದ ಶೇಂಗಾ 100 ಗ್ರಾಂ, ಹುರಿದ ಎಳ್ಳು 25 ಗ್ರಾಂ ಬೆರೆಸಿಕೊಳ್ಳಿ. ಬಾಣಲೆಯಲ್ಲಿ ಎರಡು ದೊಡ್ಡ ಚಮಚ ತುಪ್ಪ ಕಾಯಿಸಿ, ಸಣ್ಣಗೆ ಹೆಚ್ಚಿದ 150 ಗ್ರಾಂ ಖರ್ಜೂರ ಹಾಕಿ, ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಸೌಟಿನಿಂದ ಹಿಸುಕುತ್ತಿರಿ. ಮುದ್ದೆಯಾದಾಗ 50 ಗ್ರಾಂ ಬೆಲ್ಲದ ಪುಡಿ ಹಾಕಿ. ಅದು ಕರಗಿದೊಡನೆ ಒಲೆಯಿಂದ ಇಳಿಸಿ ಹಿಟ್ಟಿನ ಮಿಶ್ರಣವನ್ನೂ 50 ಗ್ರಾಂ ಒಣದ್ರಾಕ್ಷಿಯನ್ನೂ ಸೇರಿಸಿ. ಒಣಗಿದಂತೆ ಕಂಡರೆ ಒಂದೆರಡು ಚಮಚ ಬಿಸಿನೀರು ಚಿಮುಕಿಸಬಹುದು. ಬಿಸಿಯಿರುವಾಗಲೇ ತಟ್ಟೆಗೆ ಹಾಕಿ ಲಟ್ಟಣಿಗೆಯಿಂದ ಒತ್ತಿ, ಆರಿದ ಮೇಲೆ ಹದಿನಾರು ತುಂಡು ಮಾಡಿ.

ಇದಕ್ಕೆ ಉರಿ ಬೇಕಾಗುವುದು ಹತ್ತೇ ನಿಮಿಷ. ಬೇಕಾದ ಸಾಮಾನೆಲ್ಲ ಸಂತೆಯಲ್ಲೇ ಸಿಗುತ್ತದೆ. ಗೋಧಿಯ ಅಂಟಿನಂಶ ಆಗಿಬರದ ಮಕ್ಕಳಿಗೂ ಜೋಳದ ಈ ವಡಿ ಸರಿಹೊಂದುತ್ತದೆ. ಓಟ್ಸಿನಲ್ಲಿ ಗಿರಣಿಯ ಹಂತದಲ್ಲೇ ಗೋಧಿ ಬೆರೆತಿರುವ ಸಾಧ್ಯತೆ ಇರುವುದರಿಂದ ಅಂಥ ಮಕ್ಕಳು ವೈದ್ಯರನ್ನು ಕೇಳದೆ ಓಟ್ಸ್ ತಿನ್ನಬಾರದು. ಜೋಳವನ್ನು ಗೋಧಿ ಬೀಸಿದ ಗಿರಣಿಯಲ್ಲಿ ಹಾಗೆಯೇ ಬೀಸಿದರೂ ಅದೇ ತೊಂದರೆ. ಇಂಥವರು ಮನೆಯ ಮಿಕ್ಸರಿನಲ್ಲೇ ಪುಡಿ ಮಾಡಿಕೊಳ್ಳುವುದು ಮೇಲು.

ತಂಬಾಕಿನ ಮನೆಯವರಿಗೆ ಒಂದು ಮಾತು

ನಿಪ್ಪಾಣಿಯಲ್ಲಿ ಈ ಮಾತನ್ನು ಹೇಳದೆ ಮುಂದೆ ಹೋಗುವಂತಿಲ್ಲ. ತಂಬಾಕಿನ ವಖಾರಿಗಳಲ್ಲಿ ದುಡಿಯುವವರೂ, ಮನೆಯಲ್ಲೇ ಕುಳಿತು ಬೀಡಿ ಕಟ್ಟುವವರೂ ಈ ಊರಿನಲ್ಲಿ ಬಹಳ. ತಂಬಾಕಿನಲ್ಲಿರುವ ನಿಕೋಟಿನ್ ಹೊಗೆಯ ಮೂಲಕ ಮಾತ್ರವಲ್ಲ, ಚರ್ಮದ ಮೂಲಕವೂ ದೇಹವನ್ನು ಸೇರುತ್ತದೆ. ಅದರ ಧೂಳು ಕೈಗೆ, ಉಗುರಿನ ಸಂದಿಗೆ, ಸೆರಗಿಗೆ ಅಂಟಿಕೊಂಡಿರುತ್ತದೆ. ವಡಿಯ ಮಿಶ್ರಣವನ್ನಾದರೋ ನಾವು ಬರಿಗೈಯಲ್ಲೇ ಹಿಸುಕುತ್ತೇವೆ, ಒತ್ತುತ್ತೇವೆ.

ಆದ್ದರಿಂದ ಬೀಡಿಯ ಕೆಲಸ ಮುಗಿಸಿ ಕೂಡಲೇ ಹಿಟ್ಟಿಗೆ ಕೈ ಹಾಕಬೇಡಿ. ಮೊಣಕೈವರೆಗೆ ಸಾಬೂನು ಹಚ್ಚಿ, ಉಗುರುಗಳನ್ನು ಉಜ್ಜಿ ತೊಳೆದುಕೊಳ್ಳಿ. ಸಾಧ್ಯವಾದರೆ ಸೀರೆ ಬದಲಿಸಿ. ಬೀಡಿ ಕಟ್ಟುವ ಮೊರದಲ್ಲಿ ಎಂದಿಗೂ ಶೇಂಗಾ ಕೇರಬೇಡಿ. ಅಡುಗೆಗೆ ಬೇರೆಯದೇ ಮೊರವಿರಲಿ. ತಂಬಾಕನ್ನು ಅಡುಗೆ ಸಾಮಾನಿನ ಹತ್ತಿರ, ಮಕ್ಕಳ ಕೈಗೆಟಕುವಲ್ಲಿ ಇಡಬೇಡಿ. ಸಣ್ಣ ಮನೆಯಲ್ಲಿ ಇದೆಲ್ಲ ಕಷ್ಟವೆಂಬುದು ಗೊತ್ತು. ಬೇರೆ ಕೋಣೆ ಇಲ್ಲದಿದ್ದರೆ ಬೇರೆ ವೇಳೆಯನ್ನಾದರೂ ಇಟ್ಟುಕೊಳ್ಳಬಹುದು. ವಾರಕ್ಕೊಂದು ಬೆಳಿಗ್ಗೆ, ತಂಬಾಕಿನ ಬುಟ್ಟಿ ತೆರೆಯುವ ಮುನ್ನ, ಕಸ ಗುಡಿಸಿ ನೆಲ ಒರೆಸಿ ವಡಿ ಮಾಡಿಟ್ಟರೆ ಸಾಕು.

ಡಬ್ಬಿಯಲ್ಲಿ ಅದರ ಜಾಗ

ವಡಿ ಊಟವಲ್ಲ. ಅದು ಊಟದ ಮಗ್ಗುಲಲ್ಲಿ ಕೂರುವ ತಿನಿಸು. ರೊಟ್ಟಿ ಮರಳಿ ಬರುತ್ತದೆಂದು ರೊಟ್ಟಿಯ ಜಾಗದಲ್ಲಿ ವಡಿ ಇಟ್ಟರೆ ಮಗು ಅದನ್ನು ಖುಷಿಯಿಂದ ತಿಂದೀತು, ಆದರೆ ಪಲ್ಯ, ಕಾಳು, ಮೊಸರು ತಪ್ಪಿಹೋಗುತ್ತವೆ. ರೊಟ್ಟಿ ಏಕೆ ಮರಳಿ ಬರುತ್ತಿದೆ ಎಂದು ಮಗುವನ್ನೇ ಕೇಳಿ. ಮಧ್ಯಾಹ್ನಕ್ಕೆ ಬಿರುಸಾಗಿ ಅಗಿಯಲಾಗದಿರಬಹುದು, ಊಟದ ಬಿಡುವು ಚಿಕ್ಕದಿರಬಹುದು. ಬೆಳಗಿನ ಮೆತ್ತನೆಯ ರೊಟ್ಟಿಗೆ ಶೇಂಗಾ ಚಟ್ನಿ, ಮೊಸರು ಅಥವಾ ಮೊಳಕೆ ಕಾಳಿನ ಪಲ್ಯ ಹಚ್ಚಿ ಸುರುಳಿ ಸುತ್ತಿ ಕೊಟ್ಟರೆ ಎಷ್ಟೋ ಮಕ್ಕಳು ಪೂರ್ತಿ ತಿನ್ನುತ್ತಾರೆ. ವಡಿ ಬೆಳಗಿನ ಚಿಕ್ಕ ಬಿಡುವಿಗಿರಲಿ, ಬಿಸ್ಕತ್ತಿನ ಬದಲಿಗೆ.

ಬಾಳೆಹಣ್ಣು ಹಾಕಿದ ಓಟ್ಸ್ ವಡಿ ಬೇಸಿಗೆಯಲ್ಲಿ ಹೊರಗೆ ಎರಡು ದಿನ, ಫ್ರಿಜ್ಜಿನಲ್ಲಿ ಐದಾರು ದಿನ ಬಾಳುತ್ತದೆ. ಜೋಳದ ವಡಿ ಗಾಳಿಯಾಡದ ಡಬ್ಬಿಯಲ್ಲಿ ಒಂದು ವಾರ ಇರುತ್ತದೆ. ನೀರು ಚಿಮುಕಿಸಿದ್ದರೆ ಮೂರ್ನಾಲ್ಕು ದಿನದಲ್ಲಿ ಮುಗಿಸಿ. ಮುಗ್ಗಲು ವಾಸನೆ ಬಂದರೆ, ಮೇಲೆ ಬಿಳಿ ಚುಕ್ಕೆ ಕಂಡರೆ ಇಡೀ ತುಂಡನ್ನು ಎಸೆಯಿರಿ.

ಇನ್ನೊಂದು ಮಾತು. ವಡಿಯನ್ನು ಸುದ್ದಿಪತ್ರಿಕೆಯಲ್ಲಿ ಸುತ್ತಬೇಡಿ, ಈ ಅಂಕಣ ಇರುವ ಹಾಳೆಯಲ್ಲಂತೂ ಬೇಡವೇ ಬೇಡ. ಮುದ್ರಣದ ಶಾಯಿಯಲ್ಲಿ ದೇಹಕ್ಕೆ ಹಾನಿ ಮಾಡುವ ಅಂಶಗಳಿರುತ್ತವೆ. ಜಿಡ್ಡಿನ ಪದಾರ್ಥಕ್ಕೆ ಅವು ಬೇಗ ಅಂಟುತ್ತವೆ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಸ್ಟೀಲಿನ ಚಿಕ್ಕ ಡಬ್ಬಿಯೇ ಎಲ್ಲಕ್ಕಿಂತ ಒಳ್ಳೆಯದು.

ಖರ್ಜೂರ, ಬೆಲ್ಲ ಹಲ್ಲಿನ ಸಂದಿಯಲ್ಲಿ ಅಂಟಿಕೊಳ್ಳುತ್ತವೆ. ತಿಂದ ಮೇಲೆ ನೀರಿನಲ್ಲಿ ಬಾಯಿ ಮುಕ್ಕಳಿಸುವುದನ್ನು ಮಗುವಿಗೆ ಕಲಿಸಿ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾ ಇರುವ ವಡಿ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಅವರಿಗಾಗಿ ಶೇಂಗಾವನ್ನು ನುಣ್ಣಗೆ ಪುಡಿ ಮಾಡಿ. ಕೆಲವು ಮಕ್ಕಳಿಗೆ ಶೇಂಗಾ, ಎಳ್ಳು ಒಗ್ಗುವುದಿಲ್ಲ. ತುಟಿ ಊದುವುದು, ಮೈಮೇಲೆ ದದ್ದು ಏಳುವುದು, ಉಸಿರು ಕಟ್ಟುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಶಾಲೆಯಲ್ಲಿ ಮಕ್ಕಳು ಹಂಚಿ ತಿನ್ನುವುದು ಸಹಜ. ಹಂಚುವಾಗ 'ಇದರಲ್ಲಿ ಶೇಂಗಾ ಇದೆ' ಎಂದು ಹೇಳುವುದನ್ನೂ ಕಲಿಸಿ.

ಕಣ್ಣಿಗೆ ಕತ್ತಲೆ ಬಂದಾಗ

ಈಗ ಪತ್ರದ ಆ ಕೊನೆಯ ಸಾಲಿಗೆ ಬರೋಣ.

ಖರ್ಜೂರ, ಬೆಲ್ಲ, ಎಳ್ಳು ತಿಂದರೆ ರಕ್ತ ಹೆಚ್ಚುತ್ತದೆಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ಲೆಕ್ಕ ಹಾಕಿ ನೋಡಿ. ಮೇಲೆ ಹೇಳಿದ ಒಂದು ಓಟ್ಸ್ ವಡಿಯಲ್ಲಿ ಕಬ್ಬಿಣದ ಅಂಶ ಹೆಚ್ಚೆಂದರೆ ಒಂದು ಮಿಲಿಗ್ರಾಂ ಆಸುಪಾಸು. ಧಾನ್ಯ, ಕಾಳುಗಳ ಕಬ್ಬಿಣದಲ್ಲಿ ದೇಹ ಹೀರಿಕೊಳ್ಳುವುದು ಅದರಲ್ಲೂ ಒಂದು ಸಣ್ಣ ಪಾಲು ಮಾತ್ರ. ಬೆಳೆಯುವ ಹುಡುಗಿಗೆ, ಅದರಲ್ಲೂ ಮುಟ್ಟು ಆರಂಭವಾಗುವ ವಯಸ್ಸಿನಲ್ಲಿ, ಬೇಕಾಗುವ ಕಬ್ಬಿಣ ಇದಕ್ಕಿಂತ ಬಹುಪಾಲು ಹೆಚ್ಚು. ವಡಿ ನಿತ್ಯದ ಆಹಾರವನ್ನು ಸ್ವಲ್ಪ ಉತ್ತಮಗೊಳಿಸೀತು, ಆದರೆ ರಕ್ತಹೀನತೆಯನ್ನು ಗುಣಪಡಿಸಲಾರದು.

ರಕ್ತಹೀನತೆ ಅಪರೂಪದ ಕಾಯಿಲೆಯೂ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65 ಮಂದಿ, 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 48 ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ಅಂದರೆ ಮಗಳನ್ನು ಪರೀಕ್ಷೆಗೆ ಕರೆದೊಯ್ಯುವ ತಾಯಿ ತನ್ನ ಬೆರಳನ್ನೂ ಚಾಚುವುದು ಒಳ್ಳೆಯದು. ಹಿಮೋಗ್ಲೋಬಿನ್ ಪರೀಕ್ಷೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸುಲಭವಾಗಿ ಆಗುತ್ತದೆ. 5ರಿಂದ 11 ವರ್ಷದ ಮಕ್ಕಳಲ್ಲಿ 11.5 ಗ್ರಾಂ, 12ರಿಂದ 14 ವರ್ಷದವರಲ್ಲಿ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎನ್ನುತ್ತಾರೆ. ಕಣ್ಣಿಗೆ ಕತ್ತಲೆ ಬರಲು ಬೆಳಗಿನ ಹಸಿವು, ನೀರಿನ ಕೊರತೆ ಮುಂತಾದ ಬೇರೆ ಕಾರಣಗಳೂ ಇರಬಹುದು. ಯಾವುದೆಂದು ವೈದ್ಯರೇ ನೋಡಿ ಹೇಳಬೇಕು.

ಕೊರತೆ ಇದ್ದರೆ ಮದ್ದು ಕಬ್ಬಿಣದ ಮಾತ್ರೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಚಿಕ್ಕ ಮಕ್ಕಳಿಗೆ ಗುಲಾಬಿ ಬಣ್ಣದ, ದೊಡ್ಡ ಮಕ್ಕಳಿಗೆ ನೀಲಿ ಬಣ್ಣದ ಮಾತ್ರೆಯನ್ನು ವಾರಕ್ಕೊಮ್ಮೆ ಕೊಡುವ ಕಾರ್ಯಕ್ರಮವಿದೆ. ಅದು ಕೊರತೆ ಬಾರದಂತೆ ತಡೆಯಲು. ಈಗಾಗಲೇ ಕೊರತೆ ಇರುವವರಿಗೆ ವೈದ್ಯರು ಹೇಳಿದಷ್ಟು ದಿನ, ಹೇಳಿದ ಪ್ರಮಾಣದಲ್ಲಿ ಕೊಡಬೇಕು. ಮಲ ಕಪ್ಪಾಯಿತೆಂದು, ಹೊಟ್ಟೆ ತೊಳಸಿತೆಂದು ನಡುವೆ ಬಿಟ್ಟುಬಿಡುವವರೇ ಹೆಚ್ಚು. ಮಲ ಕಪ್ಪಾಗುವುದು ಸಹಜ, ಅದಕ್ಕೆ ಹೆದರಬೇಕಾಗಿಲ್ಲ. ಮಾತ್ರೆಗಳನ್ನು ಚಿಕ್ಕ ಮಕ್ಕಳ ಕೈಗೆ ಸಿಗದಂತೆ ಇಡಿ. ಒಟ್ಟಿಗೆ ಹಲವನ್ನು ನುಂಗಿದರೆ ಪ್ರಾಣಾಪಾಯ. ಕರುಳಿನ ಹುಳುವೂ ರಕ್ತಹೀನತೆಗೆ ಒಂದು ಕಾರಣ. ಆದ್ದರಿಂದ ಜಂತುಹುಳು ನಿವಾರಣಾ ದಿನದಂದು ಶಾಲೆ, ಅಂಗನವಾಡಿಯಲ್ಲಿ ಕೊಡುವ ಮಾತ್ರೆಯನ್ನು ತಪ್ಪಿಸಬೇಡಿ.

ಖರ್ಚಿಲ್ಲದ ಎರಡು ಬದಲಾವಣೆಗಳನ್ನು ನಾಳೆಯಿಂದಲೇ ಮಾಡಬಹುದು. ಚಹಾದಲ್ಲಿರುವ ಟ್ಯಾನಿನ್ ಕಬ್ಬಿಣ ರಕ್ತಕ್ಕೆ ಸೇರದಂತೆ ತಡೆಯುತ್ತದೆ. ಊಟ-ತಿಂಡಿಗೆ ಒಂದು ಗಂಟೆ ಹಿಂದೆ ಮುಂದೆ ಚಹಾ ಬೇಡ. ಶಾಲೆಯ ಮಗುವಿಗೆ ಅದು ಪೂರ್ತಿ ತಪ್ಪಿದರೂ ನಷ್ಟವಿಲ್ಲ. ಇದಕ್ಕೆ ವಿರುದ್ಧವಾಗಿ ಲಿಂಬೆ, ಪೇರಲ, ನೆಲ್ಲಿಕಾಯಿಯಲ್ಲಿರುವ ಸಿ ಜೀವಸತ್ವ ಕಬ್ಬಿಣ ಹೀರಿಕೊಳ್ಳಲು ನೆರವಾಗುತ್ತದೆ. ಡಬ್ಬಿಯ ಪಲ್ಯಕ್ಕೆ ಅರ್ಧ ಲಿಂಬೆ ಹಿಂಡಿ. ವಡಿಯ ಪಕ್ಕದಲ್ಲಿ ಪೇರಲದ ಎರಡು ಹೋಳು ಇಡಿ.

ನಿಪ್ಪಾಣಿಯ ಸಹೋದರಿಗೆ ನಮ್ಮ ಸಲಹೆ ಇಷ್ಟು. ಈ ವಾರ ಒಂದು ಬೆಳಿಗ್ಗೆ ಮಗಳನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಿ ಬನ್ನಿ, ನೀವೂ ಪರೀಕ್ಷೆ ಮಾಡಿಸಿಕೊಳ್ಳಿ. ಬರುವಾಗ ದಾರಿಯಲ್ಲಿ ಖರ್ಜೂರ, ಶೇಂಗಾ ತನ್ನಿ. ಭಾನುವಾರ ತಾಯಿ-ಮಗಳು ಕೂಡಿ ಜೋಳದ ವಡಿ ಮಾಡಿ. ಹಿಸುಕುವುದು, ಒತ್ತುವುದು, ಕತ್ತರಿಸುವುದು ಎಲ್ಲ ಅವಳಿಂದಲೇ ಆಗಲಿ. ತಾನೇ ಮಾಡಿದ್ದನ್ನು ಗೆಳತಿಗೆ ತೋರಿಸಿ ತಿನ್ನುವ ಹುಡುಗಿ ಅಂಗಡಿಯ ಬಾರನ್ನು ಬೇಗ ಮರೆಯುತ್ತಾಳೆ. ಆದರೆ ರಕ್ತ ಪರೀಕ್ಷೆಯನ್ನು ನೀವು ಮರೆಯಬೇಡಿ.